ಅರವತ್ತನೆಯ ದಿನ ಮಗು ಎಲ್ಲಿರುತ್ತದೆ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ಕೈಸೇರಿದ ಕೂಡಲೇ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ‘ಪೋಲಿಯೊ ಹೋಗಿ ಎಷ್ಟು ಕಾಲ ಆಯ್ತು, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಲ್ಲ ಮಾರಾಯ’ ಎಂದು ಛೇಡಿಸಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ 18 ತಿಂಗಳ ಹೆಣ್ಣುಮಗುವಿನದು. ಆ ಮಗುವಿನ ಕಾಲು ಸೋತದ್ದು 2011ರ ಜನವರಿ 13ರಂದು. ಕರ್ನಾಟಕದ ಮಟ್ಟಿಗೆ ಕೊನೆಯದು 2007ರಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತ ಎಂದು ಸಾರಿತು. ಮಕ್ಕಳ ವಾರ್ಡಿನ ಮೂಲೆಯಲ್ಲಿ ಕಬ್ಬಿಣದ ಕ್ಯಾಲಿಪರ್‌ಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದ ಕಾಲದಲ್ಲಿ ಕಲಿತ ನಮ್ಮಂಥವರಿಗೆ ಇದು ಎಂಥ ಸಾಧನೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿದ ಅರ್ಧ ಸತ್ಯವೆಂದರೆ, ಮಕ್ಕಳ ಕೈಕಾಲು ಇದ್ದಕ್ಕಿದ್ದಂತೆ ಜೋಲು ಬೀಳುವುದು ಇವತ್ತಿಗೂ ನಿಂತಿಲ್ಲ. 15 ವರ್ಷದೊಳಗಿನ ಪ್ರತಿ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರಿಗಾದರೂ ಪೋಲಿಯೊ ಅಲ್ಲದ ಬೇರೆ ಕಾರಣಕ್ಕೆ ಹೀಗೆ ಆಗಿಯೇ ಆಗುತ್ತದೆ ಎಂಬುದು ಜಾಗತಿಕ ಲೆಕ್ಕ. ಇಂಥ ಇಬ್ಬರನ್ನಾದರೂ ಪತ್ತೆಹಚ್ಚಬೇಕೆಂದು ಭಾರತ ತನಗೆ ಗುರಿ ಇಟ್ಟುಕೊಂಡಿದೆ. ಹೀಗೆ ಕೈಕಾಲು ಸೋಲುವುದಕ್ಕೆ ಇಲಾಖೆಯ ಭಾಷೆಯಲ್ಲಿ ‘ಅಕ್ಯೂಟ್ ಫ್ಲಾಸಿಡ್ ಪ್ಯಾರಾಲಿಸಿಸ್’, ಚಿಕ್ಕದಾಗಿ ಎಎಫ್‌ಪಿ ಎನ್ನುತ್ತಾರೆ. ಒಂದು ಜಿಲ್ಲೆಯಲ್ಲಿ ವರ್ಷವಿಡೀ ಒಂದೂ ಎಎಫ್‌ಪಿ ವರದಿಯಾಗದಿದ್ದರೆ ಅಲ್ಲಿನ ಅಧಿಕಾರಿಗೆ ಶಾಲು ಹೊದಿಸುವುದಿಲ್ಲ, ಏಕೆ ಸಿಗಲಿಲ್ಲ ಎಂದು ಕೇಳುತ್ತಾರೆ. ರೋಗಿ ಸಿಗದಿದ್ದರೆ ಗಾಬರಿಯಾಗಬೇಕಾದ ಸರ್ಕಾರಿ ಕಾರ್ಯಕ್ರಮ ಇದೊಂದೇ ಇರಬೇಕು. ಪೋಲಿಯೊ ಇಲ್ಲ ಎಂದು ಎದೆತಟ್ಟಿ ಹೇಳಬೇಕಾದರೆ, ಕಾಲು ಸೋತ ಒಂದೊಂದು ಮಗುವನ್ನೂ ಹುಡುಕಿ, ಇದು ಅದಲ್ಲ ಎಂದು ಸಾಬೀತು ಮಾಡುತ್ತಲೇ ಇರಬೇಕು.

ಹೀಗೆ ಹುಡುಕುವ ಜಾಲ ದೊಡ್ಡದು, ಮಟ್ಟಸವಾದದ್ದು. ಆದರೆ ಅದು ನಡೆಯಬೇಕಾದರೆ ಮಗುವಿಗೊಂದು ವಿಳಾಸ ಇರಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಬೆಂಗಳೂರಿನ ಭಾಗಗಳ ಸುತ್ತ ಕೂಲಿನಾಲಿ ಮಾಡುವವರ ಮಕ್ಕಳಿಗೆ ಇಲ್ಲದಿರುವುದು ಅದೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲಿನದು.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪೀಣ್ಯದ ಹಿಂಬದಿಯ ಶೀಟಿನ ವಠಾರದಿಂದ ಬಂದ ಮೂರು ವರ್ಷದ ಗಂಡುಮಗು. ತಂದೆ ಲೇತ್ ಶಾಪಿನಲ್ಲಿ ಹೆಲ್ಪರ್, ತಾಯಿ ಗಾರ್ಮೆಂಟ್ಸ್‌ನಲ್ಲಿ. ಯಾದಗಿರಿ ಕಡೆಯವರು. ‘ರಾತ್ರಿ ಛಲೋ ಇದ್ದ್ರಿ ಸರ, ಮುಂಜಾನಿ ಎಬ್ಬಿಸಿ ನಿಂದರ್ಸಿದ್ರ ಕುಸದು ಬಿದ್ದ. ಕಾಲಾಗ ಜೀವನ ಇಲ್ಲದಂಗ ಆಗೇದ್ರಿ’ ಎಂದಳು ತಾಯಿ. ಕಂಕುಳಿಗೆ ಕೈಕೊಟ್ಟು ಮೇಜಿನ ಮೇಲೆ ನಿಲ್ಲಿಸಿದೆ. ಬಲಗಾಲು ಊರಿತು, ಎಡಗಾಲು ಮಂಡಿಯಲ್ಲಿ ಮಡಿಚಿ ಜೋತಾಡಿತು. ಬೀಗದ ಕೈಯ ತುದಿಯಿಂದ ಎಡ ಅಂಗಾಲನ್ನು ಗೀಚಿದಾಗ ಹುಡುಗ ಮುಖ ಕಿವುಚಿದ, ಅಂದರೆ ಮುಟ್ಟಿದ್ದು ಗೊತ್ತಾಗುತ್ತಿದೆ. ಆದರೆ ಕಾಲು ಎಳೆದುಕೊಳ್ಳಲಿಲ್ಲ. ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಬಲಗಾಲು ಒದೆಯಿತು, ಎಡಗಾಲು ಅಲ್ಲಾಡಲಿಲ್ಲ. ಎರಡು ದಿನದ ಹಿಂದೆ ಜ್ವರ ಬಂದಿತ್ತಂತೆ. ಓಣಿಯ ಕ್ಲಿನಿಕ್ಕಿನಲ್ಲಿ ಕುಂಡಿಗೆ ಒಂದು ಸೂಜಿ ಹಾಕಿಸಿದ್ದರಂತೆ.

ಇಷ್ಟು ಸಿಕ್ಕರೆ ವೈದ್ಯನ ತಲೆಯಲ್ಲಿ ಮೂರು ನಾಲ್ಕು ಅನುಮಾನಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ. ಪೋಲಿಯೊ ವೈರಾಣು ಬಾಯಿಂದ ಒಳಹೊಕ್ಕು ಗಂಟಲು, ಕರುಳುಗಳಲ್ಲಿ ಬೆಳೆಯುತ್ತದೆ. ಸೋಂಕು ತಗಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಅದು ಬೆನ್ನುಹುರಿಯ ಮುಂಭಾಗಕ್ಕೆ ನುಗ್ಗಿ, ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳನ್ನೇ ಸಾಯಿಸುತ್ತದೆ. ಸ್ಪರ್ಶ ಹೊತ್ತೊಯ್ಯುವ ನರಗಳ ತಂಟೆಗೆ ಅದು ಹೋಗುವುದಿಲ್ಲ. ಅದಕ್ಕೇ ಮಗುವಿಗೆ ಗೀಚಿದ್ದು ಗೊತ್ತಾಗುತ್ತದೆ, ಕಾಲು ಮಾತ್ರ ಏಳುವುದಿಲ್ಲ. ಗಿಲನ್-ಬರ‍್ರೆ ಎಂಬ ನರಗಳ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡೂ ಕಾಲು ಜೊತೆಜೊತೆಗೆ ಸೋಲುತ್ತವೆ, ಸೋಲು ಮೇಲಕ್ಕೆ ಏರುತ್ತಾ ಹೋಗುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಕೆಟ್ಟ ನೀರಿನ ಜಾಡು ಹಿಡಿದು ಬಂದದ್ದು ಇದೇ. ಕುಂಡಿಗೆ ಹಾಕಿದ ಸೂಜಿ ಸಯಾಟಿಕ್ ನರಕ್ಕೆ ತಗಲಿದರೂ ಒಂದು ಕಾಲು ಸೋಲುತ್ತದೆ. ಇವೆಲ್ಲದರ ಆಚೆಗೆ, ಪೋಲಿಯೊದ ದಾಯಾದಿಗಳಾದ ಹತ್ತಾರು ಎಂಟರೊವೈರಾಣುಗಳಿವೆ.

ಸೂಜಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಪೋಲಿಯೊ ಸೋಂಕು ಒಳಗೇ ಇದ್ದಾಗ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ, ಸದ್ದಿಲ್ಲದೆ ಹೋಗಬಹುದಾಗಿದ್ದ ಸೋಂಕು ಅದೇ ಕಾಲಿಗೆ ಪಾರ್ಶ್ವವಾಯುವಾಗಿ ತಿರುಗುವ ಸಂಭವ ಹೆಚ್ಚು. ದಕ್ಷಿಣ ಭಾರತದ ಮಕ್ಕಳ ಮೇಲೆ ಎಚ್.ವಿ. ವಯಾಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ಬೇಡವಾಗಿದ್ದ ಇಂಜೆಕ್ಷನ್‌ಗಳು ಎಷ್ಟು ಕಾಲುಗಳನ್ನು ಕುಂಟಾಗಿಸಿವೆ ಎಂಬುದನ್ನು ಮುಂದಿಟ್ಟಿತ್ತು. ಆದರೂ ನಮ್ಮ ಕೈಗಾರಿಕಾ ಬಡಾವಣೆಗಳಲ್ಲಿ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ದಿನಗೂಲಿಯವರಿಗೆ ನಾಳೆ ಬೆಳಿಗ್ಗೆ ಮಗು ಎದ್ದು ಓಡಾಡಬೇಕು, ತಾವು ಕೆಲಸಕ್ಕೆ ಹೋಗಬೇಕು. ಆ ಅವಸರ ನನಗೆ ಅರ್ಥವಾಗುತ್ತದೆ. ಓದಿದ ವೈದ್ಯನ ಅವಸರ ಅರ್ಥವಾಗುವುದಿಲ್ಲ.

ಮಗುವಿಗೆ ಏನಾಗಿದೆ ಎಂದು ವೈದ್ಯ ನಿರ್ಧರಿಸುವವರೆಗೆ ಜಾಲ ಕಾಯುವುದಿಲ್ಲ. ಕಾಲು ಜೋಲು ಬಿದ್ದಿದೆ, ವಯಸ್ಸು 15ರೊಳಗೆ, ಇಷ್ಟಿದ್ದರೆ ಇಲಾಖೆಗೆ ತಿಳಿಸಬೇಕು. ತಿಳಿಸಿದ 48 ಗಂಟೆಯೊಳಗೆ ತನಿಖೆಗೆ ಬರುತ್ತಾರೆ. ಕಾಲು ಸೋತ 14 ದಿನಗಳ ಒಳಗೆ, ಒಂದು ದಿನದ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆಯಬೇಕು. ಹೆಬ್ಬೆರಳ ಗಾತ್ರದಷ್ಟು ಸಾಕು. ತಿರುಪಿನ ಮುಚ್ಚಳದ ಡಬ್ಬಿ, ಅದರ ಸುತ್ತ ಐಸ್‌ಪ್ಯಾಕ್, ಲಸಿಕೆ ಸಾಗಿಸುವಂಥದೇ ಪೆಟ್ಟಿಗೆ. ಲಸಿಕೆ ತಣ್ಣಗಿದ್ದೇ ಊರಿಗೆ ಬರಬೇಕು, ಮಾದರಿ ತಣ್ಣಗಿದ್ದೇ ಪ್ರಯೋಗಾಲಯಕ್ಕೆ ಹೋಗಬೇಕು. ಎರಡಕ್ಕೂ 2ರಿಂದ 8 ಡಿಗ್ರಿ. ಹೇಳಲು ಸುಲಭ. ಪಾರ್ಶ್ವವಾಯು ಬಡಿದ ಮಗು ಎಷ್ಟೋ ಸಲ ಎರಡು ಮೂರು ದಿನ ಕಕ್ಕಸಿಗೇ ಹೋಗುವುದಿಲ್ಲ. ತಾಯಿ ಎರಡನೆಯ ದಿನದ ಮಾದರಿಗಾಗಿ ಕಾದು ಕೂತರೆ ಆ ದಿನದ ಸಂಬಳ ಹೋಯಿತು.

ಮಾದರಿ ಹೋಗುವುದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ಬೆಂಗಳೂರು ಘಟಕಕ್ಕೆ. ದೇಶದ ಪೋಲಿಯೊ ಪ್ರಯೋಗಾಲಯಗಳ ಜಾಲದಲ್ಲಿ ಅದೂ ಒಂದು. ಅಲ್ಲಿ ಮಾದರಿಯನ್ನು ಎರಡು ಬಗೆಯ ಜೀವಕೋಶಗಳ ಮೇಲೆ ಬಿತ್ತುತ್ತಾರೆ. ಇಲಿಯ ಕೋಶಕ್ಕೆ ಪೋಲಿಯೊ ಅಂಟುವುದಿಲ್ಲ. ಪೋಲಿಯೊ ಹಿಡಿಯುವ ಮಾನವ ಕೊಂಡಿಯೊಂದನ್ನು ಇಲಿಯ ಕೋಶಕ್ಕೆ ಜೋಡಿಸಿ ‘ಎಲ್ 20 ಬಿ’ ಎಂಬ ತಳಿಯನ್ನು ಮಾಡಿದ್ದಾರೆ. ಹೀಗಾಗಿ ಅದರ ಮೇಲೆ ಬೆಳೆದರೆ ಪೋಲಿಯೊ ಎಂಬ ಅನುಮಾನ ಗಟ್ಟಿಯಾಗುತ್ತದೆ. ‘ಆರ್‌ಡಿ’ ಎಂಬ ಮಾನವ ಕೋಶದ ಮೇಲೆ ಪೋಲಿಯೊವೂ ಅದರ ದಾಯಾದಿಗಳಲ್ಲಿ ಅನೇಕವೂ ಬೆಳೆಯುತ್ತವೆ. ಪೀಣ್ಯದ ಹುಡುಗನ ಮಾದರಿ ಎಲ್ 20 ಬಿ ಮೇಲೆ ಬೆಳೆಯಲಿಲ್ಲ, ಆರ್‌ಡಿ ಮೇಲೆ ಬೆಳೆಯಿತು. ಅಂದರೆ ಪೋಲಿಯೊ ಅಲ್ಲದ ಎಂಟರೊವೈರಾಣು. ಕರುಳಲ್ಲಿ ಅದು ಸಿಕ್ಕಿತೆಂದ ಮಾತ್ರಕ್ಕೆ ಕಾಲು ಸೋತದ್ದು ಅದರಿಂದಲೇ ಎಂದು ಹೇಳಲಾಗದು. ನಮ್ಮ ಆರೋಗ್ಯವಂತ ಮಕ್ಕಳ ಕರುಳಲ್ಲೂ ಅವು ಬೇಕಾದಷ್ಟು ಓಡಾಡಿಕೊಂಡಿರುತ್ತವೆ.

ಇನ್ನು ಉಳಿದದ್ದು ಅರವತ್ತನೆಯ ದಿನ. ಕಾಲು ಸೋತ 60 ದಿನಗಳ ಮೇಲೆ ಮಗುವನ್ನು ಮತ್ತೆ ನೋಡಬೇಕೆಂಬ ನಿಯಮವಿದೆ, ಅದರಲ್ಲೂ ಮಾದರಿ ತಡವಾಗಿಯೋ ಕೆಟ್ಟೋ ಹೋಗಿದ್ದರೆ ನೋಡಲೇಬೇಕು. ಪೋಲಿಯೊ ಕೊಂದ ನರಕೋಶ ಮರಳುವುದಿಲ್ಲ, ಹಾಗಾಗಿ ಎರಡು ತಿಂಗಳಾದರೂ ಸೋಲು ಉಳಿದಿರುತ್ತದೆ. ಬೇರೆ ಕಾರಣಗಳಲ್ಲಿ ಬಹಳಷ್ಟು ಮಕ್ಕಳು ಅಷ್ಟರಲ್ಲಿ ಚೇತರಿಸಿಕೊಂಡಿರುತ್ತಾರೆ. ಮಾದರಿಯೂ ಸರಿಯಿಲ್ಲ, 60ನೆಯ ದಿನ ಮಗುವೂ ಸಿಗಲಿಲ್ಲ ಎಂದಾದರೆ ಕಡತ ತಜ್ಞರ ಸಮಿತಿಯ ಮುಂದೆ ಹೋಗುತ್ತದೆ. ಪೋಲಿಯೊ ಇರಬಹುದು, ಅಲ್ಲವೆನ್ನಲು ಆಧಾರವಿಲ್ಲ ಎಂಬ ಷರಾ ಬೀಳಬಹುದು.

ನಮ್ಮ ಹುಡುಗನ ಮಾದರಿ ಸರಿಯಿತ್ತು, ಅದೇ ಪುಣ್ಯ. 60ನೆಯ ದಿನ ವಠಾರಕ್ಕೆ ಹೋದ ಆಶಾ ಕಾರ್ಯಕರ್ತೆಗೆ ಅದೇ ಕೋಣೆಯಲ್ಲಿ ಒಡಿಶಾದ ನಾಲ್ವರು ಹುಡುಗರು ಸಿಕ್ಕರು. ‘ಅವ್ರು ಖಾಲಿ ಮಾಡ್ಕೊಂಡು ಹೋಗಿ ಹದಿನೈದು ದಿನ ಆಯ್ತಲ್ಲಮ್ಮ, ಅಡ್ವಾನ್ಸ್‌ನಲ್ಲೇ ಬಾಡಿಗೆ ಮುರ್ಕೊಂಡೆ’ ಎಂದ ಮಾಲೀಕ. ತಂದೆಯ ನಂಬರು ಸ್ವಿಚ್ ಆಫ್. ಆಯಮ್ಮ ಬಿಡಲಿಲ್ಲ. ಪಕ್ಕದ ಕೋಣೆಯವಳಿಂದ ಗಾರ್ಮೆಂಟ್ಸ್‌ನ ಸೂಪರ್‌ವೈಸರ್, ಅವಳಿಂದ ತಾಯಿಯ ತಂಗಿ, ತಂಗಿಯಿಂದ ಊರಿನ ಅಜ್ಜಿಯ ಫೋನು ಹೀಗೆ ದಾರ ಹಿಡಿದು ಹೋದರೆ ಹುಡುಗ ಊರಲ್ಲಿದ್ದ. ಅಲ್ಲಿನ ನರ್ಸಮ್ಮ ಹೋಗಿ ನೋಡಿದರು. ನಡೆಯುತ್ತಿದ್ದ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಇಷ್ಟಕ್ಕೆ ಆಶಾ ಕಾರ್ಯಕರ್ತೆಗೆ ಸಿಕ್ಕ ಪ್ರತಿಫಲ ಆಕೆಯ ಫೋನಿನ ಕರೆನ್ಸಿ ಖಾಲಿಯಾದದ್ದು.

ನಿಮಗೆ ಬೆಂಗಳೂರಿನ ಭೂಪಟ ಗೊತ್ತು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ವೈರಾಣು ಸಂಸ್ಥೆಯ ಘಟಕ ಮೂರೂ ಹೊಸೂರು ರಸ್ತೆಯ ಆಸುಪಾಸಿನಲ್ಲಿ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಮಕ್ಕಳ ನರರೋಗದ ವಿಷಯದಲ್ಲಿ ಇಷ್ಟು ಅನುಕೂಲ ಒಂದೆಡೆ ಕೂಡಿರುವ ನಗರ ದೇಶದಲ್ಲಿ ಕಡಿಮೆ. ಆದರೆ ತೂಬರಹಳ್ಳಿ, ಮುನ್ನೇಕೊಳಾಲದ ಶೆಡ್ಡಿನಲ್ಲೋ, ಬೊಮ್ಮಸಂದ್ರದ ಲೇಬರ್ ಕಾಲೊನಿಯಲ್ಲೋ ಮಗುವಿನ ಕಾಲು ಸೋತರೆ ಅದನ್ನು ಮೊದಲು ನೋಡುವವರು ಯಾರು? ಮೆಡಿಕಲ್ ಶಾಪಿನವನು. ಆಮೇಲೆ ಓಣಿಯ ಕ್ಲಿನಿಕ್ಕು. ಆಮೇಲೆ, ಲಕ್ವ ಹೊಡೆದಿದೆ ಎಂದು ಎಣ್ಣೆ ತಿಕ್ಕುವವರು. 2023ರಲ್ಲಿ ನಗರಕ್ಕೆ ಬಂದ ‘ನಮ್ಮ ಕ್ಲಿನಿಕ್’ಗಳು ಒಳ್ಳೆಯ ಯೋಚನೆ. ಆದರೆ ಅವು ಸಂಜೆ ನಾಲ್ಕೂವರೆಗೆ ಬಾಗಿಲು ಹಾಕಿದರೆ, ಆರು ಗಂಟೆಗೆ ಶಿಫ್ಟ್ ಮುಗಿಸಿ ಬರುವ ತಾಯಿಗೆ ಎದುರಿಗಿರುವ ಬೀಗವಷ್ಟೇ ಕಾಣುವುದು.

ಯಾರ ಸರಹದ್ದು ಎಂಬುದೂ ಸಣ್ಣ ತೊಡಕಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಈಗ ಅದಕ್ಕೆ ಅದರದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ. ಸುತ್ತಲಿನ ಹೆಬ್ಬಗೋಡಿ, ಬೊಮ್ಮಸಂದ್ರಗಳಿಗೆ ಬೇರೆಯದೇ ಸ್ಥಳೀಯ ಸಂಸ್ಥೆಗಳು. ಆಚೆಗೆ ಆನೇಕಲ್ ತಾಲ್ಲೂಕಿನ ಉಳಿದ ಭಾಗ, ಅತ್ತಿಬೆಲೆ ದಾಟಿದರೆ ತಮಿಳುನಾಡು. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ತಾಯಿ ಒಂದು ಕಡೆ ಕಸ ಗುಡಿಸುತ್ತಾಳೆ, ತಂದೆ ಇನ್ನೊಂದು ಕಡೆ ಸೆಂಟ್ರಿಂಗ್ ಕೆಲಸ, ಮಲಗುವುದು ಮೂರನೆಯ ಕಡೆ. ಮಗು ಯಾರ ಲೆಕ್ಕಕ್ಕೆ?

ಈ ಅಲೆದಾಟದ ಮಕ್ಕಳ ಬೆನ್ನು ಹತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ. ಪಲ್ಸ್ ಪೋಲಿಯೊ ಶುರುವಾದದ್ದು 1995ರ ಡಿಸೆಂಬರಿನಲ್ಲಿ. ದಕ್ಷಿಣದಲ್ಲಿ ರೋಗ ಇಳಿದಂತೆ ಕಂಡಿತು, ಲಸಿಕೆಯ ಸುತ್ತುಗಳನ್ನು ಕಡಿಮೆ ಮಾಡಿದರು. 2003ರಲ್ಲಿ ಉತ್ತರದಿಂದ ಬಂದ ವೈರಾಣು ಕರ್ನಾಟಕದಲ್ಲಿ 36 ಮಕ್ಕಳನ್ನು ಹಿಡಿಯಿತು. ಆ ವರ್ಷ ಇಡೀ ದೇಶದಲ್ಲಿ ದಾಖಲಾದದ್ದು 225. ಉತ್ತರ ಪ್ರದೇಶವೊಂದನ್ನು ಬಿಟ್ಟರೆ ನಮ್ಮ ಸಂಖ್ಯೆಯೇ ದೊಡ್ಡದು. ‘ನಮ್ಮಲ್ಲಿಲ್ಲ’ ಎಂದು ನಿರಾಳವಾಗಿದ್ದ ರಾಜ್ಯ ಅದು. ಆಮೇಲೆ ಸುತ್ತುಗಳು ಬಿಗಿಯಾದವು. ರೈಲು ನಿಲ್ದಾಣ, ಇಟ್ಟಿಗೆ ಗೂಡು, ಕಟ್ಟಡದ ಸೈಟುಗಳನ್ನು ಪಟ್ಟಿ ಮಾಡಿದರು. ಎಡಗೈಯ ಕಿರುಬೆರಳಿಗೆ ಶಾಯಿ, ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. ಗೋಡೆಯೇ ಇಲ್ಲದ ಟಾರ್ಪಾಲಿನ ಗುಡಿಸಲಿಗೆ ಎಲ್ಲಿ ಬರೆಯುವುದು ಎಂದು ಒಬ್ಬ ಕಾರ್ಯಕರ್ತೆ ನನ್ನನ್ನು ಕೇಳಿದ್ದಿದೆ.

ಈಗಲೂ ಅಪಾಯ ಪೂರಾ ಹೋಗಿಲ್ಲ. ಪಾಕಿಸ್ತಾನದಲ್ಲಿ 2024ರಲ್ಲಿ 74 ಕಾಡು ಪೋಲಿಯೊ ಪ್ರಕರಣ, ಅಫ್ಘಾನಿಸ್ತಾನದಲ್ಲಿ 25. ಇನ್ನೊಂದು ಬಗೆಯ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಬಾಯಿಗೆ ಹಾಕುವ ಹನಿಯಲ್ಲಿರುವುದು ಜೀವಂತ, ದುರ್ಬಲಗೊಳಿಸಿದ ವೈರಾಣು. ಲಕ್ಷಾಂತರ ಡೋಸ್‌ಗಳಲ್ಲಿ ಒಂದರಲ್ಲಿ ಅದೇ ಪಾರ್ಶ್ವವಾಯು ತರಬಹುದು. ಲಸಿಕೆ ಸರಿಯಾಗಿ ತಲುಪದ ಕಡೆ ಅದು ಕರುಳಿಂದ ಕರುಳಿಗೆ ಓಡಾಡುತ್ತಾ ಮತ್ತೆ ಬಲಿಯಲೂಬಹುದು. 2024ರಲ್ಲಿ ಮೇಘಾಲಯದ ಪಶ್ಚಿಮ ಗಾರೋ ಬೆಟ್ಟಗಳಲ್ಲಿ ಒಂದು ಮಗುವಿನಲ್ಲಿ ಲಸಿಕೆ ಮೂಲದ ವೈರಾಣು ಸಿಕ್ಕಿತು. ಇಂಥ ಅಪಾಯ ತಗ್ಗಿಸಲೆಂದೇ ಅದಕ್ಕೂ ಮೊದಲು, 2016ರ ಏಪ್ರಿಲ್ 25ರಂದು ಹನಿಯಿಂದ ಎರಡನೆಯ ಬಗೆಯ ಪೋಲಿಯೊ ವೈರಾಣುವನ್ನು ತೆಗೆದಿದ್ದರು. ಜೊತೆಗೆ ಸತ್ತ ವೈರಾಣುವಿನ ಚುಚ್ಚುಮದ್ದು ಬಂತು. ಪೂರ್ಣ ಡೋಸಿನ ಐದನೆಯ ಒಂದು ಪಾಲು, 0.1 ಮಿಲಿಲೀಟರ್, ತೋಳಿನ ಚರ್ಮದೊಳಗೆ. ಇದನ್ನು ಮೊದಲು ಶುರು ಮಾಡಿದ ಬೆರಳೆಣಿಕೆಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, 2023ರಿಂದ ಒಂಬತ್ತು ತಿಂಗಳಿಗೂ. ಮಗು ಈ ಒಂಬತ್ತು ತಿಂಗಳಲ್ಲಿ ಮೂರು ಕಡೆ ಮನೆ ಬದಲಿಸಿದರೆ ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡ್ ಪೆಟ್ಟಿಗೆಯಲ್ಲಿರುತ್ತದೆ, ಪೆಟ್ಟಿಗೆ ಊರಲ್ಲಿರುತ್ತದೆ.

ಇನ್ನು ಚರಂಡಿಯ ವಿಷಯ. ಮುಂಬೈಯಲ್ಲಿ 2001ರಿಂದಲೂ ಕೊಳಚೆ ನೀರಿನಲ್ಲಿ ಪೋಲಿಯೊ ಹುಡುಕುತ್ತಾರೆ. 2016ರಲ್ಲಿ ಹೈದರಾಬಾದಿನ ಕೊಳಚೆಯಲ್ಲಿ ಲಸಿಕೆ ಮೂಲದ ವೈರಾಣು ಸಿಕ್ಕಿದ್ದು ಹಾಗೆಯೇ, ಒಂದು ಮಗುವಿನ ಕಾಲೂ ಸೋಲುವ ಮೊದಲೇ. ಬಹಳ ಜಾಣ ಉಪಾಯ. ಆದರೆ ಇದಕ್ಕೆ ಊರಿನ ಮಲವೆಲ್ಲ ಹರಿದು ಒಂದು ಕಡೆ ಸೇರಬೇಕು. ಬೆಂಗಳೂರಿಗೆ 2007ರಲ್ಲಿ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೆಯ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಒಳಚರಂಡಿ ಇನ್ನೂ ಎಲ್ಲ ಓಣಿಗೂ ಬಂದಿಲ್ಲ. ಶೆಡ್ಡುಗಳ ಮಲ ಗುಂಡಿಗೆ, ಗುಂಡಿಯಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಎಲ್ಲಿಗೋ. ಸೋಂಕು ಹಬ್ಬುವ ಅಪಾಯ ಹೆಚ್ಚಿರುವ ಜಾಗದ ಸುದ್ದಿಯೇ ಕೊಳಚೆಯ ಪರೀಕ್ಷೆಗೆ ಮುಟ್ಟುವುದಿಲ್ಲ. ಅಲ್ಲಿ ಸುದ್ದಿ ಹೇಳಬೇಕಾದದ್ದು ಮಗುವಿನ ಕಾಲೇ.

ಇಲ್ಲಿ ಕುಳಿತಿರುವ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಇದು ಬೇರೆಯವರ ಕಥೆ ಅನ್ನಿಸುತ್ತಿರಬಹುದು. ನಿಮ್ಮ ಪ್ಲೇಸ್ಕೂಲಿನಲ್ಲಿ ಮಕ್ಕಳ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಎದ್ದು ವಾರಗಟ್ಟಲೆ ಶಾಲೆ ಬಿಡಿಸುವ ಎಚ್‌ಎಫ್‌ಎಂಡಿ ಇದೆಯಲ್ಲ, ಅದೂ ಎಂಟರೊವೈರಾಣುಗಳದೇ ಕೆಲಸ. ಬಹುಪಾಲು ತಾನಾಗಿ ಹೋಗುತ್ತದೆ. ಆದರೆ ಅದೇ ಗುಂಪಿನ ‘ಎ 71’ 1998ರಲ್ಲಿ ತೈವಾನಿನಲ್ಲಿ 78 ಮಕ್ಕಳ ಜೀವ ತೆಗೆಯಿತು. ಇನ್ನೊಂದು, ‘ಡಿ 68’, ನೆಗಡಿಯಂತೆ ಬರುವಂಥದ್ದು. 2014ರಿಂದ 2018ರವರೆಗೆ ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಮಕ್ಕಳ ಕೈಕಾಲು ಸೋಲುವ ಅಲೆ ಎದ್ದಾಗ ಬೊಟ್ಟು ಮುಖ್ಯವಾಗಿ ಅದರ ಕಡೆಗೇ ತಿರುಗಿತು. 2018ರಲ್ಲಿ 238 ಮಕ್ಕಳು. ಎಂಆರ್‌ಐಯಲ್ಲಿ ಕಂಡದ್ದು ಬೆನ್ನುಹುರಿಯ ನಡುವಿನ ಅದೇ ಬೂದುಭಾಗದ ಗಾಯ. ಅಲ್ಲಿ ಬಹಳಷ್ಟು ಮಕ್ಕಳ ಮಲದಲ್ಲಿ ಏನೂ ಸಿಗಲಿಲ್ಲ, ಮೂಗು, ಗಂಟಲಿನ ದ್ರವದಲ್ಲಿ ಸಿಕ್ಕಿತು. ಮಲದ ಮಾದರಿಯನ್ನಷ್ಟೇ ನೆಚ್ಚಿದ ನಮ್ಮ ಜಾಲ ಇದನ್ನು ಗಮನಿಸಬೇಕು. ನಿಮ್ಮ ಮನೆಯ ಕೆಲಸದಾಕೆಯ ಮಗುವೂ ನಿಮ್ಮ ಮಗುವೂ ಒಂದೇ ವೈರಾಣುಗಳ ನಡುವೆ ಬೆಳೆಯುತ್ತಿವೆ.

ಕೊನೆಗೆ, ಆಗಬೇಕಾದ ಕೆಲಸದ ಬಗ್ಗೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂಬ ಗುಮಾನಿಯ ಮೇಲೆ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ತೆರವು ಕಾನೂನಿನಂತೆ ನಡೆದಿಲ್ಲವೆಂದು ಹೈಕೋರ್ಟ್ ಹೇಳಿತು. ಕಾನೂನಿನ ಮಾತು ವಕೀಲರಿಗೆ ಬಿಡುತ್ತೇನೆ. ಲಸಿಕೆಯವರ ಕಣ್ಣಲ್ಲಿ ನೋಡಿದರೆ, ಒಂದು ಜೆಸಿಬಿ ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ವರ್ಷಗಟ್ಟಲೆ ಬರೆದ ಮಕ್ಕಳ ಪಟ್ಟಿಯನ್ನು ಅಳಿಸಿಹಾಕುತ್ತದೆ. ತೆರವಿಗೆ ಮುಂಚೆ ಆ ಭಾಗದ ಆರೋಗ್ಯಾಧಿಕಾರಿಗೆ ತಿಳಿಸುವುದು ಕಡ್ಡಾಯವಾಗಲಿ.

ಎಎಫ್‌ಪಿ ನಮೂನೆಯಲ್ಲಿ ಇಲ್ಲಿನ ವಿಳಾಸದ ಜೊತೆಗೆ ಊರಿನ ಗ್ರಾಮ ಪಂಚಾಯ್ತಿ, ಊರಲ್ಲಿರುವ ಒಬ್ಬರ ಫೋನು, ಮೇಸ್ತ್ರಿ ಅಥವಾ ಸೂಪರ್‌ವೈಸರ್ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಲಿ. ಮಾದರಿಗಾಗಿ ಕಾಯುವ ಎರಡು ದಿನದ ಕೂಲಿಯನ್ನು ತಾಯಿಗೆ ಕೊಡಲಿ. ಪೋಲಿಯೊ ಮೇಲೆ ನಾವು ಸುರಿದ ಹಣದಲ್ಲಿ ಅದು ಚಿಲ್ಲರೆ ಕಾಸು. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಲೇಬೇಕೆಂದು 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು, ಹೆಂಗಸರು 50 ದಾಟಿದ ಕಟ್ಟಡದ ಸೈಟಿಗೂ ಅಂಥದೇ ಕಟ್ಟಳೆ ಇತ್ತು. ಪೀಣ್ಯದ ಮಾಲೀಕರು ಇಲ್ಲಿದ್ದೀರಿ. ಆ ಕೋಣೆಯ ಆಯಾಗೆ ಒಂದು ಮಧ್ಯಾಹ್ನ ಬಿಡುವು ಕೊಟ್ಟು ನಮ್ಮ ಹತ್ತಿರ ಕಳಿಸಿ. ನಿನ್ನೆ ನಡೆಯುತ್ತಿದ್ದ ಮಗು ಇವತ್ತು ಕಾಲೂರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಅಲ್ಲಿಯವರೆಗೆ ಸೂಜಿ ಹಾಕಿಸಕೂಡದು ಏಕೆ ಎಂಬುದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು. ಓಣಿಯ ಕ್ಲಿನಿಕ್ಕಿನವರಿಗೂ ಮೆಡಿಕಲ್ ಶಾಪಿನವರಿಗೂ ಇದೇ ಅರ್ಧ ಗಂಟೆಯ ಪಾಠ ಸಂಜೆ ಏಳರ ಮೇಲೆ ಅವರ ಅಂಗಡಿಯಲ್ಲೇ ಆಗಬೇಕು. ಹಗಲು ಹೊತ್ತು ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ ಕರೆದರೆ ಅವರು ಬರುವುದಿಲ್ಲ. ಇವತ್ತೂ ಬಂದಿಲ್ಲ, ನೋಡಿ.